ಸಾಹೇಬರ ಕಪಾಟು ಹೊತ್ತ ಮಿಲಿಟರಿ ಲಾರಿ

ಗಜೇಂದ್ರಗಡದ ಹುಸೇನಪ್ಪ ಬೆಳಗಾವಿಯ ಹರಾಜಿನಲ್ಲಿ ಹಳೇ ಮಿಲಿಟರಿ ಲಾರಿ ಕೊಂಡ. ಎಂಜಿನ್ ಗಟ್ಟಿ, ಅದನ್ನು ಚಾಲೂ ಮಾಡುವ ಸೆಲ್ಫ್ ಮಾತ್ರ ಸತ್ತಿತ್ತು. ಒಮ್ಮೆ ಬಂದ್ ಮಾಡಿದರೆ ಹತ್ತಾಳು ತಳ್ಳಬೇಕು. ಊರು ಮುಟ್ಟುವ ತನಕ ಎಂಜಿನ್ ಆರಿಸಬಾರದು ಅಂತ ಹೊರಟ.

ಮೊದಲ ಚೆಕ್‌ಪೋಸ್ಟಿನಲ್ಲೇ ಪೊಲೀಸ್ ಸಾಹೇಬರೊಬ್ಬರು ಕೈ ಅಡ್ಡ ಹಾಕಿದರು.

"ಖಾಲಿ ಹೊಂಟೀಯಲ್ಲ, ನಮ್ಮ ಕಪಾಟು ಹೇರ್ಕೋ. ಕುಷ್ಟಗಿಯೊಳಗ ನಮ್ಮ ಮನಿಗೆ ಇಳಸು. ಇಲ್ಲಾಂದ್ರ ಲಾರಿ ಇಲ್ಲೇ ಕೊಳೀತದ."

ಕುಷ್ಟಗಿ ಇವನ ಊರಿಗಿಂತ ಆಚೆ.

"ಆತ್ರೀ ಸಾಹೇಬ್ರ. ಆದ್ರ ಈ ಹಸಿರು ಬಣ್ಣ ಕಂಡ್ರ ದಾರಿಗುಂಟ ನಿಲ್ಲಸ್ತಾರ. ನಿಮ್ಮ ಕಪಾಟಿನ ಮರ್ಯಾದಿ ಏನಾಗಬೇಕು? ನಿಮ್ಮ ಜೀಪು ಮುಂದ ಇರಲಿ."

ಸಾಹೇಬರು ಉಬ್ಬಿದರು. ಕಪಾಟು ಲಾರಿ ಏರಿತು; ಸಾಹೇಬರೂ ಅವರ ಮಂದಿಯೂ ಕೂತ ಜೀಪು ಮುಂದೆ ಹೊರಟಿತು. ಗೇಟುಗಳು ತಾವಾಗಿ ಎದ್ದವು, ಪೇದೆಗಳು ಸೆಲ್ಯೂಟ್ ಹೊಡೆದರು. ಮಂತ್ರಿಯ ಹಾಗೆ ಊರು ಮುಟ್ಟಿದ ಹುಸೇನಪ್ಪ ತನ್ನ ಮನೆ ಮುಂದೆ ಎಂಜಿನ್ ಬಂದ್ ಮಾಡಿ ಇಳಿದ.

"ಯಾಕಲೇ ನಿಲ್ಲಿಸಿದಿ?" ಸಾಹೇಬರು ಜೀಪಿನಿಂದ ಇಳಿದು ಬಂದರು.

"ಚಾ ಕುಡ್ಯೋಣ ಬರ್ರಿ. ಆಮ್ಯಾಲ ನೀವೂ ನಿಮ್ಮ ಮಂದೀನೂ ಒಂದೀಟು ತಳ್ಳಿದ್ರ ಚಾಲೂ ಆಗ್ತದ. ಊರವರೆಲ್ಲ ಹೊಲಕ್ಕ ಹೋಗ್ಯಾರ."

ಸಾಹೇಬರು ಲಾರಿ ನೋಡಿದರು. ಇಸ್ತ್ರಿ ಮಾಡಿದ ತಮ್ಮ ಪ್ಯಾಂಟು ನೋಡಿಕೊಂಡರು. ಕಪಾಟು ಜೀಪಿನ ನೆತ್ತಿಯ ಮೇಲೆ ಕುಷ್ಟಗಿಗೆ ಹೋಯಿತು.

ಕಟ್ಟಲು ಹಗ್ಗವನ್ನು ಹುಸೇನಪ್ಪನೇ ಕೊಟ್ಟ.