ಎರಡನೆಯ ಕೀಲಿ

ಮಂಡ್ಯದ ಕಡೆ ಒಂದು ಊರು. ಸುತ್ತ ಕಬ್ಬಿನ ಗದ್ದೆ, ಊರಾಚೆ ಆರು ಆಲೆಮನೆ. ಊರಿನ ಟ್ರಸ್ಟಿನವರು ಒಂದು ಆಂಬುಲೆನ್ಸ್ ಇಟ್ಟಿದ್ದರು. ಅದನ್ನು ಓಡಿಸುತ್ತಿದ್ದವನು ಪುಟ್ಟಮಾದ. ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತೈದು ನಿಮಿಷದ ದಾರಿ. ಅವನು ಹತ್ತೊಂಬತ್ತರಲ್ಲಿ ಮುಟ್ಟಿಸುತ್ತಿದ್ದ. ತನ್ನ ಸೈರನ್ ಕೇಳಿದರೆ ಎತ್ತುಗಳೇ ಗಾಡಿಯನ್ನು ಬದಿಗೆ ಎಳೆಯುತ್ತವೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂರುವವಳು ತಾರಾಮಣಿ. ಇವರಿಬ್ಬರಿಗೂ ತರಬೇತಿ ಕೊಡಲು ಟ್ರಸ್ಟಿನವರು ನಿವೃತ್ತ ನರ್ಸ್ ಸಿಸ್ಟರ್ ಫಿಲೋಮಿನಾ ಅವರನ್ನು ಕರೆಸಿದರು. ಸಿಸ್ಟರ್ ಮೊದಲು ಆಂಬುಲೆನ್ಸಿನ ಹಳೆಯ ದಾಖಲೆ ಪುಸ್ತಕ ತೆರೆದು ನೋಡಿದರು.

"ಗಾಡಿ ಎಷ್ಟು ಹೊತ್ತಿಗೆ ಮುಟ್ಟಿತು ಅಂತ ಮೂರು ವರ್ಷದ್ದೂ ಇದೆ. ರೋಗಿ ಹೇಗೆ ಮುಟ್ಟಿದ ಅಂತ ಒಂದು ಸಾಲೂ ಇಲ್ಲ. ಇನ್ನು ಮೇಲೆ ಅದನ್ನೂ ಬರೀಬೇಕು" ಎಂದರು.

ಅವರ ಪಾಠ ಸರಳವಾಗಿತ್ತು. ಸೈಕಲ್ ಟ್ಯೂಬಿಗೆ ಕೆಂಪು ನೀರು ತುಂಬಿಸಿ, ತೂತು ಮಾಡಿ, ಒಬ್ಬರು ಹಿಂದಿನಿಂದ ಹಿಸುಕುವುದು. ಇನ್ನೊಬ್ಬರು ಚಿಮ್ಮುವ ನೀರನ್ನು ಅಂಗೈಯಿಂದ ಒತ್ತಿ ನಿಲ್ಲಿಸುವುದು. ತಾರಾಮಣಿ ದಿನವೂ ಮಾಡಿದಳು. ಪುಟ್ಟಮಾದ ಒಂದು ದಿನ ಬಂದು ಅಂಗಿ ಕೆಂಪು ಮಾಡಿಕೊಂಡು ಹೋದವನು ಮತ್ತೆ ಬರಲಿಲ್ಲ.

"ಸಿಸ್ಟರಮ್ಮ, ನಾನು ಗಾಡಿ ಓಡ್ಸೋನು. ಓಕುಳಿ ಆಡೋಕೆ ಬಂದೋನಲ್ಲ" ಎಂದ.

ಸಿಸ್ಟರ್ ಒಂದು ನಿಯಮವನ್ನೂ ಮಾಡಿದರು. ರೋಗಿ ಇರುವ ಜಾಗ ಮುಟ್ಟಿದ ಕೂಡಲೇ ಚಾಲಕ ಕೀಲಿ ತೆಗೆದು ತಾರಾಮಣಿಯ ಕೈಗೆ ಕೊಡಬೇಕು. ಅವಳು ರೋಗಿಯ ಉಸಿರು ನೋಡಿ, ರಕ್ತ ನಿಲ್ಲಿಸಿ, "ಆಯ್ತು" ಎಂದು ಕೀಲಿ ಹಿಂದಕ್ಕೆ ಕೊಟ್ಟ ಮೇಲೆಯೇ ಗಾಡಿ ಹೊರಡಬೇಕು. ಪುಟ್ಟಮಾದನಿಗೆ ಇದು ಮೂಗು ಕೊಯ್ದಂತಾಯಿತು. ಎದುರು ಮಾತಾಡದೆ ಸಂತೆಪೇಟೆಗೆ ಹೋಗಿ ಎರಡನೆಯ ಕೀಲಿ ಮಾಡಿಸಿ ಜೇಬಿನಲ್ಲಿ ಇಟ್ಟುಕೊಂಡ.

ಒಂದು ಬುಧವಾರ ಮಧ್ಯಾಹ್ನ ಮೂರೂ ಐವತ್ತಕ್ಕೆ ಫೋನು ಬಂತು. ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹೆಂಗಸಿನ ಕೈ ಸಿಕ್ಕಿಕೊಂಡಿದೆ ಎಂದರು. ಹೆಂಗಸು ಯಾರೆಂದು ಕೇಳಿದ ಪುಟ್ಟಮಾದ ಹೆಸರು ಕಿವಿಗೆ ಬಿದ್ದೊಡನೆ ಗಾಡಿಯತ್ತ ಓಡಿದ. ಅವಳು ಹೊಂಬಾಳಮ್ಮ, ಅವನ ಅಕ್ಕ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ನಾಲ್ಕೂ ಎರಡಕ್ಕೆ ಅಲ್ಲಿ ಮುಟ್ಟಿದರು. ಗಾಣವನ್ನು ಹಿಂದಕ್ಕೆ ತಿರುಗಿಸಿ ಕೈ ಬಿಡಿಸಿದ್ದರು. ಆಲೆಮನೆಯ ರೂಢಿಯಂತೆ ಒಲೆಯ ಬೂದಿ ಮೆತ್ತಿ, ಮೇಲೆ ಟವಲು, ಅದು ನೆನೆದಾಗ ಇನ್ನೊಂದು ಟವಲು, ಅದರ ಮೇಲೆ ಹಳೆಯ ಸೀರೆ ಸುತ್ತಿದ್ದರು. ಬಟ್ಟೆ ಬೆಳೆಯುತ್ತಿತ್ತು, ರಕ್ತ ನಿಂತಿರಲಿಲ್ಲ. ಯಾರೂ ಒತ್ತಿ ಹಿಡಿದಿರಲಿಲ್ಲ. ಹೊಂಬಾಳಮ್ಮನ ತುಟಿ ಬಿಳಿಚಿತ್ತು.

ಅಭ್ಯಾಸದಂತೆ ಕೀಲಿ ತಾರಾಮಣಿಯ ಕೈ ಸೇರಿತು. ಜನ ಅಕ್ಕನನ್ನು ಎತ್ತಿ ಗಾಡಿಗೆ ಹಾಕಿದರು. ತಾರಾಮಣಿ ಮೊದಲು ಮಾಡಿದ ಕೆಲಸ ಎಂದರೆ ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿದ್ದು.

"ಅಯ್ಯೋ, ಕಟ್ಟಿದ್ದನ್ನ ಯಾಕಮ್ಮ ಬಿಚ್ತೀಯ? ಸಾಯಿಸ್ತೀಯಾ?" ಜನ ಕೂಗಾಡಿದರು.

"ಬಿಚ್ಚದೆ ಎಲ್ಲಿಂದ ಹೋಗ್ತಿದೆ ಅಂತ ನೋಡೋದು ಹೇಗಣ್ಣ?" ಎಂದಳು ತಾರಾಮಣಿ, ತಲೆ ಎತ್ತದೆ.

"ಕೀ ಕೊಡು ತಾರಾ! ಹತ್ತೊಂಬತ್ತು ನಿಮಿಷಕ್ಕೆ ಮುಟ್ಟಿಸ್ತೀನಿ!" ಪುಟ್ಟಮಾದ ಅರಚಿದ. ಅವನ ಕೈ ಆಗಲೇ ಜೇಬಿನಲ್ಲಿತ್ತು. ಎರಡನೆಯ ಕೀಲಿ ಬೆರಳಿಗೆ ತಾಗಿತು. ಓಡಿ ಹೋಗಿ ಗಾಡಿ ಶುರು ಮಾಡಿದರೆ ತಡೆಯುವವರು ಯಾರು?

ತಾರಾಮಣಿ ಅವನ ಜೇಬಿನ ಕಡೆ ನೋಡಿದಳು.

"ಮಾದಣ್ಣ, ನಿನ್ನ ಹತ್ರ ಇನ್ನೊಂದು ಕೀ ಇರೋದು ನಂಗೊತ್ತು. ಹೊರಡೋದಾದ್ರೆ ಹೊರಡು. ಆದ್ರೆ ಓಡೋ ಗಾಡೀಲಿ ನನ್ನ ಕೈ ಜಾರುತ್ತೆ. ಹತ್ತೊಂಬತ್ತು ನಿಮಿಷ ಅಕ್ಕನ ಮೈಯಲ್ಲಿ ರಕ್ತ ಉಳಿಯಲ್ಲ. ಇಲ್ಲೇ ಆರು ನಿಮಿಷ ಕೊಡು."

ಮಕ್ಕಳೇ, ಆ ಕ್ಷಣ ಅವನಿಗೆ ಬಹಳ ಕಷ್ಟದ್ದು. ಜೀವಮಾನವೆಲ್ಲ ಓಡಿಸಿದ ಮನುಷ್ಯನಿಗೆ ನಿಲ್ಲು ಎಂದರೆ ಹೇಗೆ? ಅವನು ಜೇಬಿನಿಂದ ಕೈ ತೆಗೆದ. ಕೈ ಖಾಲಿಯಿತ್ತು. "ನಾನೇನ್ ಮಾಡ್ಲಿ ಹೇಳು" ಎಂದ.

"ಟ್ಯೂಬ್ ನೆನಪಿದೆಯಲ್ಲ? ಇಲ್ಲಿ ಒತ್ತು. ಎತ್ತಿ ಎತ್ತಿ ನೋಡ್ಬೇಡ."

ಅವಳು ಗಾಯದ ಮೇಲಿಟ್ಟ ಶುದ್ಧ ಬಟ್ಟೆಯ ಮೇಲೆ ಅವನು ಎರಡೂ ಅಂಗೈ ಇಟ್ಟು ಒತ್ತಿದ. ಹೊಂಬಾಳಮ್ಮ ಕಣ್ಣು ಬಿಟ್ಟು, "ಮೆಲ್ಲಗೆ ಒತ್ತೋ ಮೂದೇವಿ! ನಿಂದೇನು ಕೈಯೋ, ಇನ್ನೊಂದು ಗಾಣವೋ?" ಎಂದಳು. ಅಕ್ಕ ಬೈದಳೆಂದು ಅವನಿಗೆ ಅಳು ಬಂತು.

ಅಷ್ಟರಲ್ಲಿ ತಾರಾಮಣಿ ಮೊಣಕೈಗಿಂತ ಮೇಲಕ್ಕೆ, ತೋಳಿಗೆ ಪಟ್ಟಿ ಕಟ್ಟಿ, ಅದರೊಳಗೆ ಕಡ್ಡಿ ಸಿಕ್ಕಿಸಿ, ರಕ್ತ ನಿಲ್ಲುವ ತನಕ ತಿರುಗಿಸಿದಳು. ನೀರು ಕುಡಿಸಲು ಚೊಂಬು ಹಿಡಿದು ಬಂದವರನ್ನು ಬೇಡವೆಂದು ತಡೆದಳು. ಅಕ್ಕನನ್ನು ಮಲಗಿಸಿ ಕಂಬಳಿ ಹೊದಿಸಿದಳು. ಪೆನ್ನು ತೆಗೆದು ಆ ಪಟ್ಟಿಯ ಮೇಲೆ "4-06" ಎಂದು ದೊಡ್ಡದಾಗಿ ಬರೆದಳು. ಆಮೇಲೆ "ಆಯ್ತು" ಎಂದು ಕೀಲಿ ಕೊಟ್ಟಳು. ಆಗ ನಾಲ್ಕೂ ಎಂಟು.

ನಾಲ್ಕೂ ಇಪ್ಪತ್ತೇಳಕ್ಕೆ ಆಸ್ಪತ್ರೆ ಮುಟ್ಟಿದರು. ಡಾಕ್ಟರು ಪಟ್ಟಿಯ ಮೇಲಿನ ಬರಹ ಓದಿದರು.

"ಇದನ್ನು ಬಿಗಿದವರು ಯಾರು? ಹೊತ್ತು ಬರೆದಿದ್ದು ಒಳ್ಳೆಯದಾಯಿತು. ಎಷ್ಟು ಹೊತ್ತಿನೊಳಗೆ ಬಿಚ್ಚಬೇಕು ಅಂತ ನನಗೆ ಗೊತ್ತಾಯಿತು. ಹಾಗೇ ತಂದಿದ್ದರೆ ನನ್ನ ಕೈಗೆ ಬರುತ್ತಿದ್ದದ್ದು ಹೆಣ."

ಎರಡು ಬೆರಳು ಹೋದವು. ಕೈ ಉಳಿಯಿತು, ಹೊಂಬಾಳಮ್ಮ ಉಳಿದಳು.

ಮರುದಿನ ಬೆಳಿಗ್ಗೆ ಪುಟ್ಟಮಾದ ಸಿಸ್ಟರ್ ಮನೆಗೆ ಹೋಗಿ ಎರಡನೆಯ ಕೀಲಿಯನ್ನು ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತ.

"ಇದು ಗೊತ್ತಿತ್ತು ಕಣಯ್ಯಾ. ಕೀಲಿ ಮಾಡಿಕೊಟ್ಟವನ ಹೆಂಡತಿಗೆ ಹೆರಿಗೆ ಮಾಡಿಸಿದ್ದು ನಾನೇ" ಎಂದು ಸಿಸ್ಟರ್ ನಕ್ಕರು. "ಕಚೇರಿಯಲ್ಲಿರಲಿ, ಮೊದಲನೆಯದು ಕಳೆದರೆ ಬೇಕಾಗುತ್ತೆ. ನೀನು ಅಂಗಿ ಬಿಚ್ಚಿಟ್ಟು ಬಾ."

"ಯಾಕಮ್ಮ?"

"ಓಕುಳಿ ಆಡೋಕೆ."

ಅಂದು ಪುಟ್ಟಮಾದ ಹನ್ನೆರಡು ಸಲ ಟ್ಯೂಬು ಒತ್ತಿದ. ಹನ್ನೆರಡನೆಯ ಸಲ ಒಂದು ಹನಿಯೂ ಹೊರಗೆ ಬರಲಿಲ್ಲ. ಸಿಸ್ಟರ್ ಪುಸ್ತಕ ತೆರೆದು, ಬುಧವಾರದ ಸಾಲಿನಲ್ಲಿ ಗಾಡಿ ಮುಟ್ಟಿದ ಹೊತ್ತಿನ ಮುಂದೆ, "ರೋಗಿ ಜೀವಂತ, ಮಾತಾಡುತ್ತಿದ್ದಳು" ಎಂದು ಬರೆದರು.

ನೀತಿ: ಚಿಕಿತ್ಸೆ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಲ್ಲ, ರೋಗಿಯನ್ನು ಮೊದಲು ಮುಟ್ಟುವ ಕೈಯಲ್ಲಿ. ಆ ಕೈ ಕಲಿತ ಕೈಯಾಗಿರಬೇಕು. ಗಾಡಿ ಎಷ್ಟೇ ವೇಗವಾಗಿ ಓಡಲಿ, ಕಲಿಯದ ಕೈಯ ಕೊರತೆಯನ್ನು ಅದು ತುಂಬಲಾರದು.