ಕುಂತಮ್ಮನ ಗುಡ್ಡ

ಬೀದರ ಸೀಮೆಯ ಕೊಂಗನಾಳದ ಮಗ್ಗುಲಿಗೆ ಮೈಯೆಲ್ಲ ಕರಿಗಲ್ಲಿನ ಗುಡ್ಡವೊಂದಿದೆ. ಯಾವುದೋ ಕಾಲದಲ್ಲಿ ನೆಲದೊಳಗಿನ ಬೆಂಕಿ ಉಕ್ಕಿ ಹರಿದು, ಆರಿ, ಪದರ ಪದರವಾಗಿ ಕಲ್ಲಾಯಿತು ಎಂದು ತಿಳಿದವರು ಹೇಳುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲುಕಡ್ಡಿಯೂ ಕಾಣದು. ಭಾದ್ರಪದ ಬಂತೆಂದರೆ ಸಂದುಸಂದಿನಲ್ಲಿ ತುಂಬೆ, ತಂಗಡಿ, ಹೆಸರೇ ಗೊತ್ತಿಲ್ಲದ ನೇರಳೆ ಹೂಗಳು ಎದ್ದು ನಿಲ್ಲುತ್ತವೆ. ಆಗ ಪಟ್ಟಣದವರು ಬೂಟು ಹಾಕಿಕೊಂಡು ಗುಂಪುಗುಂಪಾಗಿ ಚಾರಣಕ್ಕೆ ಬರುತ್ತಾರೆ. ಕುಂತಮ್ಮನ ಗುಡ್ಡ ಎಂಬ ಹೆಸರು ಕೇಳಿದ್ದೇ ಕೈಮುಗಿಯಲು ಗುಡಿ ಹುಡುಕುತ್ತಾರೆ. ದೇವತೆಯೂ ಇಲ್ಲ, ಮಣ್ಣೂ ಇಲ್ಲ. ಕುಂತಮ್ಮ ಎಂದರೆ ಹೊಟ್ಟೆಕಿಚ್ಚಿನ ಒಬ್ಬ ಹೆಂಗಸು!

ಹಿಂದೆ ವರ್ಷವರ್ಷವೂ ಈ ಊರಿನ ಸೊಸೆಯಂದಿರು ಗೌರಿಪೂಜೆಯ ಹೂವಿಗೆಂದು ಬೆಳಿಗ್ಗೆ ಸಾಲಾಗಿ ಗುಡ್ಡ ಹತ್ತಿ, ಹೊತ್ತು ಮುಳುಗುವುದರೊಳಗೆ ಇಳಿಯುತ್ತಿದ್ದರಂತೆ. ಕರಿಗಲ್ಲೆಲ್ಲ ಒಂದೇ ತರಹ, ದಾರಿ ಗುರುತು ಸಿಗದು. ಅದಕ್ಕೇ ಮುಂದೆ ನಡೆಯುವವಳು ದಾರಿ ಕವಲೊಡೆದಲ್ಲೆಲ್ಲ ಒಂದು ಹಿಡಿ ತಂಗಡಿ ಹೂವನ್ನು ಕಲ್ಲಿನಡಿ ಒತ್ತಿ ಇಡಬೇಕು. ಇಳಿಯುವಾಗ ಸಾಲು ತಿರುಗಿ, ಕೊನೆಯವಳು ಮುಂದಾಗಿ, ಆ ಹೂ ನೋಡಿಕೊಂಡು ಎಲ್ಲರನ್ನೂ ಇಳಿಸಬೇಕು. ಹನ್ನೆರಡು ವರ್ಷ ಸಾಲಿನ ಮುಂದೆ ನಡೆದವಳು ಮಾಣಿಕಮ್ಮ. ಹದಿಮೂರನೆಯ ವರ್ಷ ಹಿರಿಯರು ಅವಳ ಮೈದುನನ ಹೆಂಡತಿ, ನಿನ್ನೆಮೊನ್ನೆ ಬಂದ ಗುರಮ್ಮನನ್ನು ಮುಂದೆ ನಿಲ್ಲಿಸಿದರು. ಮಾಣಿಕಮ್ಮನಿಗೆ ಸಾಲಿನ ಕೊನೆ! ಅವಳ ಹೊಟ್ಟೆ ಧಗಧಗ ಉರಿಯಿತು. ನೆಗೆಣ್ಣಿಯ ಹಗುರ ಹೆಜ್ಜೆ, ಅವಳ ಹಿಂದೆ ಎದ್ದ ನಗು, ಎಲ್ಲವೂ ಕಣ್ಣಿಗೆ ಚುಚ್ಚಿದವು. ತುದಿಯ ಕೆಳಗೆ ಮೂರು ಕೊರಕಲುಗಳು ಕೂಡುವಲ್ಲಿ ಗುರಮ್ಮ ಇಟ್ಟ ಹೂವನ್ನು ಮಾಣಿಕಮ್ಮ ಯಾರೂ ಕಾಣದಂತೆ ತೆಗೆದು ಇನ್ನೊಂದು ಕೊರಕಲಿನ ಬಾಯಿಗೆ ಇಟ್ಟಳು. ಇಳಿಯುವಾಗ ನಾಲ್ಕು ಹೆಜ್ಜೆ ತಪ್ಪುದಾರಿ ನಡೆದು, 'ನೋಡ್ರಿ ನಿಮ್ಮ ಜಾಣಿ ಮಾಡಿದ್ದು' ಎಂದು ಕೂಗಿ, ತಾನೇ ಎಲ್ಲರನ್ನೂ ಸರಿದಾರಿಗೆ ತರುವುದೆಂದು ಅವಳ ಲೆಕ್ಕ.

ಇಳಿಯುವ ಹೊತ್ತಿಗೆ ಮಂಜು ಕವಿಯಿತು. ಕವಲಿಗೆ ಬಂದ ಮಾಣಿಕಮ್ಮನಿಗೆ ತಾನಿಟ್ಟ ಹೂವೇನೋ ಕಂಡಿತು. ಅದನ್ನು ಯಾವ ಕೊರಕಲಿನಿಂದ ತೆಗೆದೆ ಎಂಬುದೇ ತಿಳಿಯದಾಯಿತು. ಮೂರರಲ್ಲಿ ಒಂದು ಊರಿಗೆ, ಎರಡು ಪ್ರಪಾತಕ್ಕೆ. ಹಿಂದೆ ಇಪ್ಪತ್ತು ಜನ ಹೆಂಗಸರು. ಕಲ್ಲಿನ ಮೇಲೆ ಕುಸಿದು ಕುಂತಳು. "ಹೂ ಕಾಣ್ತದಲ್ಲಾ, ನಡಿಯವ್ವ" ಎಂದು ಹಿಂದಿನವರು ಅವಸರ ಮಾಡಿದರು. ಏಳಲಿಲ್ಲ. ಕೊನೆಯಲ್ಲಿದ್ದ ಗುರಮ್ಮ ಮುಂದೆ ಬಂದಳು, ಹೂವನ್ನು ನೋಡಿದಳು, ಅದರ ಮೇಲಿನ ಕಲ್ಲು ತಾನು ಒತ್ತಿದ್ದಲ್ಲವೆಂದು ಅರಿತಳು; ಸರಿಯಾದ ಕೊರಕಲು ಯಾವುದೆಂದು ಮಂಜಿನಲ್ಲಿ ಅವಳಿಗೂ ತಿಳಿಯದು. ಅಕ್ಕನ ಮುಖ ನೋಡಿದಳು. ಆಮೇಲೆ ತಿರುಗಿ, "ಅಕ್ಕನ ಕಾಲು ಉಳುಕ್ಯಾದ. ಮಂಜು ಹರಿಯೋತನಕ ಎಲ್ಲಾರೂ ಕೂಡ್ರಿ" ಎಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಮಾಣಿಕಮ್ಮನ ಮಾನ ಉಳಿಯುತ್ತಿತ್ತು. ಆದರೆ ಒಳ್ಳೆಯತನದಲ್ಲೂ ಈ ಗುರಮ್ಮನೇ ಮುಂದೆಯೇ! ಅದನ್ನು ಮಾತ್ರ ಮಾಣಿಕಮ್ಮನಿಂದ ತಡೆಯಲಾಗಲಿಲ್ಲ. "ನನ್ನ ಕಾಲಿಗೆ ಏನೂ ಆಗಿಲ್ಲ! ಹೂ ಸರಿಸಿದಾಕಿ ನಾನು. ಇಕಿ ಹೆಸರು ಕೆಡ್ಲಿ ಅಂತ ಸರಿಸೀನಿ. ಹೊಟ್ಟಿಕಿಚ್ಚು ತಡಿಲಿಲ್ಲ" ಎಂದು ಗುಡ್ಡವೆಲ್ಲ ಕೇಳುವಂತೆ ಕಿರುಚಿ, ಗೊಳೋ ಎಂದು ಅತ್ತಳು. ಮಂಜು ಹರಿದಾಗ ನೋಡಿದರೆ, ಹೂವಿದ್ದ ಕೊರಕಲು ಹತ್ತೇ ಮಾರು ದೂರದಲ್ಲಿ ಪ್ರಪಾತದಲ್ಲಿ ಮುಗಿದಿತ್ತು ಎನ್ನುತ್ತಾರೆ.

ಹಾಗೆ ಕುಂತವಳು ಊರಿನ ಬಾಯಲ್ಲಿ ಕುಂತಮ್ಮನಾದಳು. ಅವಳು ಕುಂತ ಕಲ್ಲು ಈಗಲೂ ಅಲ್ಲಿದೆ. ಎಷ್ಟೋ ಜನ ಕುಂತು ಕುಂತು ನುಣ್ಣಗಾಗಿದೆ. ಗೌರಿಯ ದಿನ ಊರಿನ ಹೆಂಗಸರು ಒಬ್ಬೊಬ್ಬರಾಗಿ ಅದರ ಮೇಲೆ ಕೂತು, ಬಗ್ಗಿ, ಕಲ್ಲಿಗೆ ಏನೋ ಪಿಸುಗುಟ್ಟಿಯೇ ಮುಂದೆ ಇಳಿಯುತ್ತಾರೆ. ಏನು ಹೇಳಿದಿರಿ ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಕೆಲವರು ಮಾತ್ರ ಬಹಳ ಹೊತ್ತಾದರೂ ಏಳುವುದಿಲ್ಲ.