ತಂಗಿಯ ಖಾತೆ

"ಗುರುಗಳೇ, ಮೊದಲು ಧ್ಯಾನಕ್ಕೆ ಕೂತರೆ ದೇವರು ಹತ್ತಿರವೇ ಇದ್ದಾನೆ ಅನ್ನಿಸುತ್ತಿತ್ತು. ಈಗ ಕೂತರೆ ಬರೀ ಕತ್ತಲೆ. ಅವನು ನನ್ನನ್ನು ಕೈಬಿಟ್ಟನೇ?" ಎಂದು ಶಿಷ್ಯ ಕೇಳಿದ. ಮಠದ ಕಂಪ್ಯೂಟರು ನೋಡಿಕೊಳ್ಳುತ್ತಿದ್ದವನು ಅವನೇ.

ಗುರುಗಳು ನಕ್ಕರು. "ಶಾಸ್ತ್ರ ಹೇಳಿದರೆ ನೀನು ಆಕಳಿಸುತ್ತೀ. ನಿನಗೆ ತಿಳಿದದ್ದರಲ್ಲೇ ಹೇಳುತ್ತೇನೆ, ಕೇಳು."

ಒಬ್ಬ ಅಕ್ಕ, ಒಬ್ಬ ತಂಗಿ. ಇಬ್ಬರೂ ಸೇರಿ ಸೀರೆಗಳಿಗೆ ಕಸೂತಿ ಹಾಕಿಕೊಡುತ್ತಿದ್ದರು. ನಮೂನೆಗಳ ಫೋಟೋಗಳನ್ನು ಇಬ್ಬರೂ ತಮ್ಮ ತಮ್ಮ ಕ್ಲೌಡ್ ಖಾತೆಯಲ್ಲಿ ಇಡುತ್ತಿದ್ದರು. ಹುಡುಕಾಟ ತಪ್ಪಲೆಂದು ತಂಗಿಯೇ ಅಕ್ಕನ ಕಂಪ್ಯೂಟರಿಗೆ ಒಂದು ಫೈಲ್ ಆ್ಯಪ್ ಹಾಕಿ, ಎರಡೂ ಖಾತೆಗಳನ್ನು ಅದಕ್ಕೆ ಜೋಡಿಸಿದಳು. ಒಂದೇ ಕಡೆ ಇಬ್ಬರದೂ ಕಾಣತೊಡಗಿತು.

ಮುಂದೆ ತಂಗಿ ತಾನು ಮೆಚ್ಚಿದವನನ್ನು ಮದುವೆಯಾಗಿ ಬೇರೆ ಊರಿಗೆ ಹೋದಳು. ಅಕ್ಕ ಆಡಬಾರದ ಮಾತು ಆಡಿದಳು. ಅಲ್ಲಿಗೆ ಮಾತುಕತೆ ನಿಂತಿತು. ಖಾತೆಯ ಜೋಡಣೆಯನ್ನು ಮಾತ್ರ ಇಬ್ಬರೂ ತೆಗೆಯಲಿಲ್ಲ.

ಅಕ್ಕ ದಿನವೂ ತಂಗಿಯ ಖಾತೆ ತೆರೆದು ನೋಡುತ್ತಿದ್ದಳು. ಒಮ್ಮೆ ಅಲ್ಲಿ ಒಂದು ಕೂಸಿನ ಫೋಟೋ ಬಂತು. ಕೂಸಿಗೆ ಹಲ್ಲು ಮೂಡಿದ್ದನ್ನೂ ಅಕ್ಕ ಅಲ್ಲೇ ನೋಡಿದಳು. ಎತ್ತಿಕೊಳ್ಳಲು ಕೈ ತುಡಿಯುತ್ತಿತ್ತು. ಆದರೂ ಫೋನ್ ಮಾಡಲಿಲ್ಲ. ನೋಡಲು ಸಿಗುತ್ತಿದೆಯಲ್ಲ, ಅಷ್ಟು ಸಾಕು ಎಂದು ಬಿಗುಮಾನದಲ್ಲೇ ಕೂತಳು.

ಒಂದು ದಿನ ತಂಗಿಯ ಖಾತೆ ತೆರೆಯಲಿಲ್ಲ. ಪಾಸ್‌ವರ್ಡ್ ಬದಲಾಗಿದೆ, ಮತ್ತೆ ಲಾಗಿನ್ ಆಗಿ ಎಂದು ಆ್ಯಪ್ ತೋರಿಸಿತು. ತಂಗಿ ತನ್ನನ್ನು ಪೂರ್ತಿ ದೂರ ಮಾಡಿದಳು ಎಂದು ಅತ್ತಳು. ಊಟ ಸೇರಲಿಲ್ಲ. ಕೊನೆಗೆ ತಡೆಯಲಾರದೆ ಫೋನ್ ಮಾಡಿದಳು.

"ನನ್ನ ಯಾಕ ಹೊರಗ ಹಾಕಿದಿ?" ಎಂದಳು.

"ಹೊರಗ ಹಾಕಿಲ್ಲ ಅಕ್ಕಾ" ಎಂದಳು ತಂಗಿ. "ನೀ ದಿನಾ ಬಂದು ನೋಡಿ ಹೋಗೂದು ನನ್ನ ಖಾತೆಯೊಳಗ ಕಾಣ್ತಿತ್ತು. ನೀ ನೋಡ್ಲಿ ಅಂತನ ಫೋಟೋ ಇಡ್ತಿದ್ದೆ. ಆದ್ರ ನಿನ್ನ ದನಿ ಕೇಳಬೇಕಂತ ಜೀವ ಒದ್ದಾಡ್ತಿತ್ತು. ತೆರದಿಟ್ರ ನೀ ಮಾತಾಡಾಕಿ ಅಲ್ಲ. ಅದಕ್ಕ ಮುಚ್ಚಿದೆ."

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ದೇವರೂ ನನ್ನ ದನಿ ಕೇಳಲೆಂದೇ ಬಾಗಿಲು ಮುಚ್ಚಿದ್ದಾನೆಯೇ?" ಎಂದ ಶಿಷ್ಯ.

"ಅಕ್ಕ ತಂಗಿಯನ್ನೇ ಕೇಳಿದಳು, ನೀನು ನನ್ನನ್ನು ಕೇಳುತ್ತಿದ್ದೀಯಲ್ಲ" ಎಂದರು ಗುರುಗಳು.

ಶಿಷ್ಯ ಎದ್ದು ಹೋಗಿ ಮತ್ತೆ ಧ್ಯಾನಕ್ಕೆ ಕೂತ.